ಅಮೆರಿಕದ ಆಫೀಸಿನಲ್ಲಿ ಕಪ್ಪು ಮಹಿಳೆಯರು: ಮ್ಯಾನೇಜರ್ ಆಗಿರುವ ಕನ್ನಡಿಗರು ತಿಳಿದಿರಬೇಕಾದ ಕೆಲವು ವಿಷಯಗಳು

ಅಮೆರಿಕದಲ್ಲಿ 100 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪನಿಗಳು ಇಇಒ-1 ಎಂಬ ವರದಿಯನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಅದರಲ್ಲಿ 10 ಬಗೆಯ ಹುದ್ದೆಗಳಿರುತ್ತವೆ. ಪ್ರತಿ ಹುದ್ದೆಯ ಎದುರೂ ಜನಾಂಗ ಮತ್ತು ಲಿಂಗ ಎರಡನ್ನೂ ಒಟ್ಟಿಗೆ ನೋಡಿ ಎಣಿಸಿದ ಸಂಖ್ಯೆ ತುಂಬಬೇಕು. ಅಂದರೆ ಕಪ್ಪು ಮಹಿಳೆಯರಿಗೆಂದೇ ಅಲ್ಲೊಂದು ಕಾಲಮ್ ಇದೆ. ಇದೇ ಅಂಕಿಗಳು ಮೇಲಿನವರ ಮೀಟಿಂಗಿಗೆ ಸ್ಲೈಡ್ ಆಗಿ ಹೋಗುವಾಗ ಎರಡು ವೃತ್ತಗಳಾಗಿಬಿಡುತ್ತವೆ. ಒಂದರಲ್ಲಿ ಗಂಡಸರು–ಹೆಂಗಸರು, ಇನ್ನೊಂದರಲ್ಲಿ ಜನಾಂಗ. ಆ ಕಾಲಮ್ ಅಲ್ಲಿಗೆ ಮಾಯ.

40 ಮ್ಯಾನೇಜರ್‌ಗಳಿರುವ ಒಂದು ವಿಭಾಗ ಇದೆ ಅಂದುಕೊಳ್ಳಿ. 16 ಹೆಂಗಸರು, 5 ಕಪ್ಪುವರ್ಣೀಯರು. ಎರಡು ವೃತ್ತಗಳೂ ನೋಡಲು ಚೆನ್ನಾಗಿಯೇ ಇರುತ್ತವೆ. ಆ 16 ಹೆಂಗಸರೆಲ್ಲ ಬಿಳಿಯರು ಅಥವಾ ಏಷ್ಯಾದವರು, ಆ ಐವರು ಕಪ್ಪುವರ್ಣೀಯರೂ ಗಂಡಸರೇ ಎಂದಾದರೆ ಅದು ಯಾವ ವೃತ್ತದಲ್ಲೂ ಕಾಣುವುದಿಲ್ಲ. ಎಚ್‌ಆರ್ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಕಣ್ಕಟ್ಟು ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ, ಏಕೆಂದರೆ ಇಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ.

ಈ ತೊಡಕು ಕೋರ್ಟಿಗೆ ಹೋದದ್ದು ಸೇಂಟ್ ಲೂಯಿಸ್‌ನಲ್ಲಿ. ಎಮ್ಮಾ ಡಿಗ್ರಾಫನ್‌ರೀಡ್ ಮತ್ತು ಇತರ ನಾಲ್ವರು ಕಪ್ಪು ಮಹಿಳೆಯರು ಜನರಲ್ ಮೋಟರ್ಸ್ ವಿರುದ್ಧ ಮೊಕದ್ದಮೆ ಹೂಡಿದ್ದರು. 1964ಕ್ಕೆ ಮುಂಚೆ ಕಂಪನಿ ಕಪ್ಪು ಮಹಿಳೆಯರನ್ನು ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ. ಮುಂದೆ ಆರ್ಥಿಕ ಮಂದಗತಿ ಬಂದು, ಕೊನೆಗೆ ಸೇರಿದವರು ಮೊದಲು ಹೊರಡಬೇಕು ಎಂಬ ಹಿರಿತನದ ನಿಯಮ ಜಾರಿಯಾದಾಗ 1970ರ ನಂತರ ಸೇರಿದ್ದ ಕಪ್ಪು ಮಹಿಳೆಯರೆಲ್ಲ ಕೆಲಸ ಕಳೆದುಕೊಂಡರು. 1976ರಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಕಂಪನಿ ಹೆಂಗಸರನ್ನು ತೆಗೆದುಕೊಂಡಿದೆ, ಹಾಗಾಗಿ ಲಿಂಗಭೇದ ಇಲ್ಲ, ವರ್ಣಭೇದದ ದೂರಿದ್ದರೆ ಅದನ್ನು ಬೇರೆ ಮೊಕದ್ದಮೆಯ ಜೊತೆ ಸೇರಿಸಿಕೊಳ್ಳಿ, ಎರಡನ್ನೂ ಕೂಡಿಸಿ ಹೊಸದೊಂದು ದೂರು ಕಟ್ಟುವ ಹಾಗಿಲ್ಲ. ಕಂಪನಿ ತೆಗೆದುಕೊಂಡಿದ್ದ ಆ ಹೆಂಗಸರು ಬಿಳಿಯರು. ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಇಂಟರ್‌ಸೆಕ್ಷನಾಲಿಟಿ, ಅಂದರೆ ಜನಾಂಗ ಮತ್ತು ಲಿಂಗ ಕೂಡುವಲ್ಲಿ ಆಗುವ ಭೇದವನ್ನು ಒಟ್ಟಿಗೇ ನೋಡಬೇಕು ಎಂಬ ವಿಚಾರವನ್ನು ಮಂಡಿಸುವಾಗ ಮುಂದಿಟ್ಟ ಮುಖ್ಯ ಉದಾಹರಣೆಗಳಲ್ಲಿ ಇದೂ ಒಂದು.

ಹಾಗಾಗಿ ಮೊದಲ ಕೆಲಸ, ಪ್ರತಿ ಲೆಕ್ಕವನ್ನೂ ಎರಡೂ ಕಡೆಯಿಂದ ಒಟ್ಟಿಗೆ ತೆಗೆಯುವುದು: ಅರ್ಜಿ, ಮೊದಲ ಫೋನ್ ಕರೆ, ಆಫರ್, ಸೇರುವಾಗಿನ ಲೆವೆಲ್, ಮೊದಲ ಬಡ್ತಿ, ರಾಜೀನಾಮೆ. ಇವುಗಳಲ್ಲಿ ಸೇರುವಾಗಿನ ಲೆವೆಲ್ ಮತ್ತು ಮೊದಲ ಬಡ್ತಿಯ ಮೇಲೆ ಹೆಚ್ಚು ಕಣ್ಣಿಡಿ. ಉದ್ಯೋಗಸ್ಥ ಮಹಿಳೆಯರಿಗಾಗಿ ಇರುವ ಲೀನ್‌ಇನ್ ಸಂಸ್ಥೆ ಮತ್ತು ಸಲಹಾ ಕಂಪನಿ ಮೆಕಿನ್ಸಿಯ 2024ರ ವರದಿಯ ಪ್ರಕಾರ, ಮ್ಯಾನೇಜರ್ ಹುದ್ದೆಗೆ ಮೊದಲ ಬಡ್ತಿ 100 ಗಂಡಸರಿಗೆ ಸಿಕ್ಕರೆ ಕಪ್ಪು ಮಹಿಳೆಯರಲ್ಲಿ ಸಿಗುವುದು 54 ಮಂದಿಗೆ. ಮೊದಲ ಮೆಟ್ಟಿಲಲ್ಲೇ ಹೀಗಾದರೆ ಡೈರೆಕ್ಟರ್ ಹುದ್ದೆಗೆ ಅಭ್ಯರ್ಥಿಗಳೇ ಸಿಗುತ್ತಿಲ್ಲ ಅನ್ನುವುದರಲ್ಲಿ ಅರ್ಥವಿಲ್ಲ.

ಟೀಮಿನಲ್ಲಿ ಇರುವುದೇ ಇಬ್ಬರೋ ಮೂವರೋ ಆದರೆ ಶೇಕಡಾವಾರು ಲೆಕ್ಕ ಹಾಕಬೇಡಿ, ಅದು ದಾರಿ ತಪ್ಪಿಸುತ್ತದೆ. ಒಬ್ಬೊಬ್ಬರ ಫೈಲನ್ನೇ ಕೈಯಲ್ಲಿ ಹಿಡಿದು ನೋಡಿ. ಅದೇ ಊರಿನಲ್ಲಿ ಅದೇ ಕೆಲಸ ಮಾಡುವ, ಅನುಭವದಲ್ಲಿ ಒಂದೆರಡು ವರ್ಷಕ್ಕಿಂತ ಹೆಚ್ಚು ಅಂತರವಿಲ್ಲದ ಮೂರ್ನಾಲ್ಕು ಜನರ ಜೊತೆ ಸಂಬಳ ಹೋಲಿಸಿ. ವ್ಯತ್ಯಾಸ ಕಂಡರೆ ಬೇರು ಸಾಮಾನ್ಯವಾಗಿ ಆಫರ್ ಪತ್ರದಲ್ಲಿರುತ್ತದೆ. ಒಂದು ಲೆವೆಲ್ ಕೆಳಗೆ ಸೇರಿಸಿಕೊಂಡಿರುತ್ತಾರೆ, ಆಮೇಲೆ ವರ್ಷವರ್ಷದ ಶೇಕಡಾ ಏರಿಕೆ ಆ ಅಂತರವನ್ನು ಬೆಳೆಸುತ್ತಲೇ ಹೋಗುತ್ತದೆ. ಹಿಂದಿನ ಸಂಬಳ ಕೇಳಿ ಅದರ ಮೇಲೆ ಆಫರ್ ಕಟ್ಟುವ ಅಭ್ಯಾಸವೇ ಇದಕ್ಕೆ ದೊಡ್ಡ ಕಾರಣ. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ ಹಾಗೆ ಕೇಳುವುದೇ ಕಾನೂನುಬಾಹಿರ.

ನೇಮಕಾತಿಯಲ್ಲಿ ಅಭ್ಯರ್ಥಿಯ ಹೆಸರಿನ ಪ್ರಭಾವ ಎಷ್ಟು ಎಂಬುದು ಎಲ್ಲರಿಗೂ ಗೊತ್ತಿರಬೇಕು. 2004ರಲ್ಲಿ ಪ್ರಕಟವಾದ ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಅವರ ಅಧ್ಯಯನಕ್ಕಾಗಿ ಬಾಸ್ಟನ್ ಮತ್ತು ಶಿಕಾಗೋದಲ್ಲಿ ಸುಮಾರು 5,000 ರೆಸ್ಯೂಮೆಗಳನ್ನು ಕಳಿಸಲಾಗಿತ್ತು. ರೆಸ್ಯೂಮೆ ಒಂದೇ ಮಟ್ಟದ್ದು, ಹೆಸರು ಮಾತ್ರ ಬೇರೆ. ಬಿಳಿಯರದೆಂದು ತೋರುವ ಹೆಸರುಗಳಿಗೆ ಕರೆ ಬಂದದ್ದು ಶೇ 50ರಷ್ಟು ಹೆಚ್ಚು. ಹೆಸರು ಮುಚ್ಚಿಟ್ಟು ಓದುವುದು ಒಳ್ಳೆಯದೇ, ಆದರೆ ಅಷ್ಟೇ ಸಾಲದು. ಹೋವರ್ಡ್ ವಿಶ್ವವಿದ್ಯಾಲಯ, ಸ್ಪೆಲ್‌ಮನ್ ಕಾಲೇಜು, ನಾರ್ತ್ ಕೆರೊಲೈನಾ ಎ ಅಂಡ್ ಟಿ ಎಂಬ ಹೆಸರುಗಳು ಸುರತ್ಕಲ್, ಆರ್‌ವಿ, ಬಿಎಂಎಸ್‌ಗಳಷ್ಟು ನಮ್ಮ ಕಣ್ಣಿಗೆ ಪರಿಚಯವಿಲ್ಲ. ಪರಿಚಯವಿಲ್ಲದ್ದನ್ನು ಸಾಧಾರಣ ಅಂತ ತಿಳಿಯುವುದು ಸುಲಭ. ಇವು ಕಪ್ಪುವರ್ಣೀಯರಿಗಾಗಿ ಹುಟ್ಟಿ, ತಲೆಮಾರುಗಳ ಕಾಲ ಎಂಜಿನಿಯರು, ವಕೀಲರು, ವೈದ್ಯರನ್ನು ಕೊಟ್ಟ ಸಂಸ್ಥೆಗಳು. ರೆಸ್ಯೂಮೆ ತೆರೆಯುವ ಮೊದಲೇ ಯಾವ ಕೌಶಲಕ್ಕೆ ಎಷ್ಟು ಅಂಕ ಅಂತ ಬರೆದಿಟ್ಟುಕೊಂಡರೆ ಕಾಲೇಜಿನ ಹೆಸರಿಗೆ ಆಟ ಆಡಲು ಜಾಗ ಕಡಿಮೆ.

ಇನ್ನು ನಮ್ಮ ರೆಫರಲ್. ಕನ್ನಡ ಕೂಟದ ವಾಟ್ಸ್ಆಪ್ ಗುಂಪು, ಕಾಲೇಜಿನ ಹಳೆ ಬ್ಯಾಚು, ಪಕ್ಕದ ಮನೆಯವರ ಅಳಿಯ. ಇದರಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ, ಪರದೇಶದಲ್ಲಿ ಒಬ್ಬರಿಗೊಬ್ಬರು ಆಗುವುದು ಸಹಜ. ಆದರೆ ಹುದ್ದೆ ಹೊರಗೆ ಪ್ರಕಟವಾಗುವ ಮುನ್ನವೇ ನಾಲ್ಕು ರೆಫರಲ್ ಬಂದು ಇಂಟರ್‌ವ್ಯೂ ಮುಗಿದಿದ್ದರೆ, ಆ ಬಳಗದ ಹೊರಗಿರುವವರಿಗೆ ಬಾಗಿಲು ತೆರೆದೇ ಇರಲಿಲ್ಲ. ಹುದ್ದೆ ಪ್ರಕಟವಾಗಿ 10 ಕೆಲಸದ ದಿನಗಳಾಗುವವರೆಗೆ ಯಾರನ್ನೂ ಇಂಟರ್‌ವ್ಯೂಗೆ ಕರೆಯಬೇಡಿ. ರೆಫರಲ್ ಆದರೂ ಅದೇ ಸಾಲಿನಲ್ಲಿ ನಿಲ್ಲಲಿ.

ಕೂದಲಿನ ವಿಷಯ ನಮ್ಮವರಿಗೆ ಸಣ್ಣದು ಅನ್ನಿಸುತ್ತದೆ. ಸಣ್ಣದಲ್ಲ. ಅಲಬಾಮಾದ ಮೊಬೈಲ್ ನಗರದಲ್ಲಿ 2010ರಲ್ಲಿ ಕಾಲ್ ಸೆಂಟರ್ ಕೆಲಸಕ್ಕೆ ಆಯ್ಕೆಯಾಗಿದ್ದ ಮಹಿಳೆಯೊಬ್ಬರಿಗೆ, ಹುರಿಗಟ್ಟಿದ ಲಾಕ್ಸ್ ಕೂದಲು ಗಲೀಜಾಗಿ ಕಾಣುವುದುಂಟು ಎಂಬ ಕಾರಣ ಕೊಟ್ಟು ಆಫರ್ ಹಿಂತೆಗೆದುಕೊಂಡರು. ಗ್ರಾಹಕರು ಆಕೆಯನ್ನು ನೋಡುವ ಕೆಲಸವೇ ಅದಲ್ಲ, ಫೋನಿನ ಕೆಲಸ. 2016ರಲ್ಲಿ ಮೇಲ್ಮನವಿ ಕೋರ್ಟ್ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು: ಕೇಶವಿನ್ಯಾಸ ಬದಲಾಯಿಸಿಕೊಳ್ಳಬಹುದಾದದ್ದು, ಹಾಗಾಗಿ ಅದಕ್ಕೆ ರಕ್ಷಣೆ ಇಲ್ಲ ಅಂತ. ಈ ಕೊರತೆ ತುಂಬಲು ಬಂದದ್ದೇ ಕ್ರೌನ್ ಕಾಯ್ದೆ. ಕ್ಯಾಲಿಫೋರ್ನಿಯಾ 2019ರಲ್ಲಿ ಮೊದಲು ಮಾಡಿತು. ಅದೇ ವರ್ಷ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ, 2023ರ ಸೆಪ್ಟೆಂಬರಿನಿಂದ ಟೆಕ್ಸಾಸ್. ಈಗ 20ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ 2022ರಲ್ಲಿ ಕೆಳಮನೆಯಲ್ಲಿ ಪಾಸಾಗಿ ಸೆನೆಟ್‌ನಲ್ಲಿ ನಿಂತಿತು.

ಬದಲಾಯಿಸಿಕೊಳ್ಳಬಹುದು ಎನ್ನುವುದರ ಬೆಲೆ ಏನು? ಬಿಗಿಯಾಗಿ ಸುರುಳಿಗಟ್ಟುವ ಕೂದಲನ್ನು ನೇರ ಮಾಡಲು ರಾಸಾಯನಿಕ ರಿಲ್ಯಾಕ್ಸರ್ ಹಚ್ಚಬೇಕು. ಬೇರಿನಲ್ಲಿ ಹೊಸ ಕೂದಲು ಬಂದಂತೆ ಆರೆಂಟು ವಾರಕ್ಕೊಮ್ಮೆ ಮತ್ತೆ ಹಚ್ಚಬೇಕು. ಹೆಚ್ಚು ಹೊತ್ತು ಬಿಟ್ಟರೆ ನೆತ್ತಿ ಸುಡುತ್ತದೆ. 33,000ಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿದ, 2022ರಲ್ಲಿ ಪ್ರಕಟವಾದ ಅಮೆರಿಕ ಸರ್ಕಾರದ ಅಧ್ಯಯನವೊಂದರ ಅಂದಾಜಿನಂತೆ, ಇಂಥ ಉತ್ಪನ್ನ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ 1.64, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬಳಸುವವರಲ್ಲಿ ಶೇ 4.05. ರಿಲ್ಯಾಕ್ಸರ್ ಬೇಡವೆಂದು ಬ್ರೇಡ್ ಹೆಣೆಸಿಕೊಂಡರೆ ಕುರ್ಚಿಯಲ್ಲಿ ಇಡೀ ದಿನವೇ ಹೋಗಬಹುದು. ಹೆಣಿಗೆ ಕೆಲವು ವಾರ ಬಾಳುತ್ತದೆ. ಸೋಮವಾರ ಆಕೆ ಬೇರೆ ಕೇಶವಿನ್ಯಾಸದಲ್ಲಿ ಬಂದಾಗ ‘ಇದು ನಿಮ್ಮದೇ ಕೂದಲಾ?’ ಅಂತ ಕೇಳುವುದು, ಕೈ ಚಾಚಿ ಮುಟ್ಟುವುದು, ಇವೆರಡನ್ನೂ ಬಿಡಿ. ಬೇರೆಯವರಿಗೆ ಹೇಳುವಷ್ಟೇ ಹೇಳಿ: ಚೆನ್ನಾಗಿದೆ.

ಡ್ರೆಸ್ ಕೋಡ್‌ನಲ್ಲಿ ಕೂದಲಿನ ಸಾಲಿನಿಂದ ‘ನೀಟ್’, ‘ಪ್ರೊಫೆಷನಲ್’ ಎಂಬ ಪದಗಳನ್ನು ತೆಗೆದುಹಾಕಿ. ಸುರಕ್ಷತೆಗೆ ಬೇಕಾದದ್ದನ್ನು ಮಾತ್ರ ಬರೆಯಿರಿ: ತಿರುಗುವ ಯಂತ್ರದ ಹತ್ತಿರ ಉದ್ದ ಕೂದಲಿರುವ ಎಲ್ಲರೂ ಅದನ್ನು ಕಟ್ಟಿರಬೇಕು. ಕಟ್ಟಡದ ಸೈಟಿನಲ್ಲಿ ಹೆಲ್ಮೆಟ್ ಸಮಸ್ಯೆ ಬೇರೆಯೇ. ದಪ್ಪ ಬ್ರೇಡ್‌ಗಳ ಮೇಲೆ ಹೆಲ್ಮೆಟ್ ಎತ್ತರಕ್ಕೆ ಕೂರುತ್ತದೆ, ಬಗ್ಗಿದರೆ ಬೀಳುತ್ತದೆ. ಆಗ ಕೆಲವರು ಒಳಗಿನ ಪಟ್ಟಿಗಳನ್ನೇ ತೆಗೆದುಬಿಡುತ್ತಾರೆ. ಹಾಗೆ ಮಾಡಲೇಬಾರದು. ಚಿಪ್ಪಿಗೂ ತಲೆಗೂ ನಡುವೆ ಆ ಪಟ್ಟಿಗಳು ಹಿಡಿದಿಡುವ ಖಾಲಿ ಜಾಗವೇ ಹೊಡೆತ ಹೀರುವುದು. ದೊಡ್ಡ ಅಳತೆಯ ಚಿಪ್ಪು, ಹಿಂದೆ ತಿರುಗಣಿಯಿಂದ ಹೊಂದಿಸುವ ಪಟ್ಟಿ, ಗದ್ದದ ಬೆಲ್ಟು ತರಿಸಿಕೊಡಿ. ಗಂಟು ನೆತ್ತಿಯ ಮೇಲಲ್ಲ, ಕುತ್ತಿಗೆಯ ಬುಡದಲ್ಲಿ ಬರಲಿ. 2025ರ ಜನವರಿ 13ರಿಂದ ಕಟ್ಟಡ ಕಾಮಗಾರಿಯಲ್ಲಿ ಸುರಕ್ಷಾ ಸಾಧನ ತೊಡುವವರ ಮೈಗೆ ಸರಿಹೊಂದಲೇಬೇಕು ಎಂದು ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಓಶಾದ ನಿಯಮದಲ್ಲೇ ಇದೆ. ತಂದುಕೊಡುವ ಹೊಣೆ ಆಕೆಯದಲ್ಲ, ಕಂಪನಿಯದು.

ವಾರ್ಷಿಕ ರಿವ್ಯೂ ನಾನು ಅತಿ ಹೆಚ್ಚು ಎಚ್ಚರ ವಹಿಸಿ ಓದುವ ಕಾಗದ. ‘ಗಡಸು’, ‘ಆಟಿಟ್ಯೂಡ್ ಇದೆ’, ‘ಜೊತೆ ಕೆಲಸ ಮಾಡುವುದು ಕಷ್ಟ’. ಇಂಥ ವಿಶೇಷಣ ಕಂಡಾಗ ಅದನ್ನು ಹೊಡೆದು ನಾಲ್ಕು ವಿವರ ಕೇಳಬೇಕು: ಯಾವಾಗ, ಏನು ಮಾಡಿದರು ಅಥವಾ ಹೇಳಿದರು, ಕೆಲಸಕ್ಕೆ ಏನಾಯಿತು, ಬದಲಿಗೆ ಏನು ಮಾಡಬೇಕಿತ್ತು. ‘ಟೀಮಿನ ಜೊತೆ ಒರಟು’ ಎಂಬ ಸಾಲನ್ನು ಹೀಗೆ ಬಿಡಿಸಿದರೆ ಕೆಲವೊಮ್ಮೆ ಸಿಗುವುದು ಇದು: ‘ಮಾರ್ಚ್ ರಿಲೀಸ್ ಮೀಟಿಂಗಿನಲ್ಲಿ, ಪೇಮೆಂಟ್ ಟೆಸ್ಟ್ ಮುಗಿದಿಲ್ಲ, ನಾನು ಸಹಿ ಹಾಕುವುದಿಲ್ಲ ಅಂದರು, ರಿಲೀಸ್ ಎರಡು ದಿನ ತಡವಾಯಿತು, ಆ ಎರಡು ದಿನದಲ್ಲಿ ಎರಡು ಸಲ ಹಣ ಕಡಿತವಾಗುವ ದೋಷ ಸಿಕ್ಕಿತು.’ ದೂರು ಅಂತ ಬರೆದದ್ದು ಸಾಧನೆಯ ಪಟ್ಟಿಗೆ ಸೇರಬೇಕಾದದ್ದು. ನಾಲ್ಕನೆಯ ಪ್ರಶ್ನೆಗೆ ಮ್ಯಾನೇಜರ್ ಹತ್ತಿರ ಉತ್ತರವೇ ಇಲ್ಲದಿದ್ದರೆ ಆ ಸಾಲು ರಿವ್ಯೂನಲ್ಲಿ ಇರಕೂಡದು. ಅದೇ ವರ್ಷ ಅದೇ ರೀತಿ ಪಟ್ಟು ಹಿಡಿದ ಗಂಡಸಿನ ರಿವ್ಯೂ ಪಕ್ಕದಲ್ಲಿಟ್ಟು ಓದಿ. ಅಲ್ಲಿ ‘ಗುಣಮಟ್ಟದಲ್ಲಿ ರಾಜಿಯಿಲ್ಲ’ ಅಂತ ಇದ್ದರೆ ಇಬ್ಬರಿಗೂ ಒಂದೇ ಭಾಷೆ ಬರಲಿ.

ಇದರ ಬೆನ್ನಿಗೇ ಬರುವುದು ಲೆಕ್ಕಕ್ಕೆ ಸಿಗದ ಕೆಲಸ. ಹೊಸಬರಿಗೆ ಧೈರ್ಯ ಹೇಳುವುದು, ಕಾಲೇಜುಗಳಿಗೆ ನೇಮಕಾತಿಗೆ ಹೋಗುವುದು, ನೌಕರರ ಬಳಗ ನಡೆಸುವುದು, ಕಂಪನಿಯ ಪ್ರತಿ ಫೋಟೋದಲ್ಲೂ ನಿಲ್ಲುವುದು, ಎಲ್ಲ ಟೀಮಿನಲ್ಲಿರುವ ಆ ಒಬ್ಬ ಕಪ್ಪು ಮಹಿಳೆಯ ಹೆಗಲಿಗೆ. ಕಪ್ಪು ಮಹಿಳೆಯರ ನಡುವೆ ಪರಸ್ಪರ ಆಸರೆಯ ಸಂಪ್ರದಾಯ ಹಳೆಯದು. ಅವರ ಸಂಘಗಳ ರಾಷ್ಟ್ರೀಯ ಒಕ್ಕೂಟ 1896ರಲ್ಲೇ ಹುಟ್ಟಿತು, ಮೊದಲ ಅಧ್ಯಕ್ಷೆ ಮೇರಿ ಚರ್ಚ್ ಟೆರೆಲ್. ಹೋವರ್ಡ್‌ನಲ್ಲಿ 1908ರಲ್ಲಿ ಆಲ್ಫಾ ಕಪ್ಪಾ ಆಲ್ಫಾ, 1913ರಲ್ಲಿ ಡೆಲ್ಟಾ ಸಿಗ್ಮಾ ಥೀಟಾ ಎಂಬ ಸೊರೊರಿಟಿಗಳು, ಅಂದರೆ ವಿದ್ಯಾರ್ಥಿನಿಯರ ಸಂಘಗಳು, ಶುರುವಾದವು. ಓದು ಮುಗಿದ ಮೇಲೂ ಜೀವನಪೂರ್ತಿ ಉಳಿಯುವ ನಂಟು ಅದು. ಕೆರಿಬಿಯನ್ ಮತ್ತು ಪಶ್ಚಿಮ ಆಫ್ರಿಕಾ ಮೂಲದ ಕುಟುಂಬಗಳಲ್ಲಿ ಸೂಸೂ ಎಂಬ ಪದ್ಧತಿ ಇದೆ. ಹತ್ತು ಜನ ತಿಂಗಳಿಗಿಷ್ಟು ಹಾಕಿ ಸರದಿಯಲ್ಲಿ ಒಬ್ಬೊಬ್ಬರು ಎತ್ತುವುದು, ನಮ್ಮ ಚೀಟಿ ಹಾಗೇ. ಈ ಆಸರೆ ಇದೆ ಅಂದಮಾತ್ರಕ್ಕೆ ಕಂಪನಿ ತನ್ನ ಪಾಲಿನದ್ದನ್ನು ಅವರ ಮೇಲೆ ಹೊರಿಸುವಂತಿಲ್ಲ. ಬಳಗ ನಡೆಸುವ ಕೆಲಸವನ್ನು ಆಕೆಯ ವರ್ಷದ ಗುರಿಗಳಲ್ಲಿ ಬರೆದು, ವಾರಕ್ಕೆ ಎರಡು ಮೂರು ಗಂಟೆ ಅಂತ ಗೊತ್ತುಮಾಡಿ, ಅಷ್ಟೇ ಪ್ರಮಾಣದ ಬೇರೆ ಕೆಲಸ ಇಳಿಸಿ. ಅದಕ್ಕಿಂತ ಮುಖ್ಯ, ಬಡ್ತಿ ತೀರ್ಮಾನವಾಗುವ ಮೀಟಿಂಗಿನಲ್ಲಿ ಆಕೆಯ ಹೆಸರೆತ್ತಿ ಮಾತಾಡುವ ಒಬ್ಬ ಹಿರಿಯರು ಬೇಕು. ತಿಂಗಳಿಗೊಮ್ಮೆ ಕಾಫಿಗೆ ಕರೆದು ಸಲಹೆ ಕೊಡುವವರು ಬೇಕಾದಷ್ಟು ಸಿಗುತ್ತಾರೆ.

ಗರ್ಭಿಣಿ ಉದ್ಯೋಗಿಯ ವಿಷಯದಲ್ಲಿ ಒಂದು ಅಂಕಿ ನೆನಪಿಡಿ. 2023ರಲ್ಲಿ ಅಮೆರಿಕದಲ್ಲಿ ಪ್ರತಿ ಒಂದು ಲಕ್ಷ ಹೆರಿಗೆಗೆ ಸತ್ತ ತಾಯಂದಿರು ಬಿಳಿಯರಲ್ಲಿ 14.5, ಕಪ್ಪುವರ್ಣೀಯರಲ್ಲಿ 50.3. ಆಕೆ ತಲೆನೋವು, ಊತ, ಉಸಿರಾಟದ ತೊಂದರೆ ಅಂದರೆ ಸ್ಟೇಟಸ್ ಮೀಟಿಂಗ್ ಮುಗಿಸಿ ಹೋಗಿ ಅನ್ನಬೇಡಿ. 2023ರ ಜೂನ್ 27ರಿಂದ ಜಾರಿಯಲ್ಲಿರುವ ಗರ್ಭಿಣಿ ನೌಕರರ ಕಾಯ್ದೆಯ ಪ್ರಕಾರ, ನೀರು ಜೊತೆಗಿಟ್ಟುಕೊಳ್ಳಲು, ಹೆಚ್ಚು ಸಲ ಶೌಚಾಲಯಕ್ಕೆ ಹೋಗಲು, ಕೂರಲು ಅಥವಾ ನಿಲ್ಲಲು ವೈದ್ಯರ ಚೀಟಿ ಕೇಳುವ ಅಗತ್ಯವಿಲ್ಲ.

ಊಟದ ಮೇಜಿನ ಬಗ್ಗೆಯೂ ಹೇಳಬೇಕು. ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯದಲ್ಲಿ ಕನ್ನಡದಲ್ಲೋ ಹಿಂದಿಯಲ್ಲೋ ಮೈಬಣ್ಣದ ಮಾತಾಡುವ ನಮ್ಮವರಿದ್ದಾರೆ. ದನಿ, ನೋಟ, ನಗು ಎಲ್ಲರಿಗೂ ಅರ್ಥವಾಗುತ್ತವೆ. ಇದನ್ನು ನಾವು ಅಮೆರಿಕದಲ್ಲಿ ಕಲಿತದ್ದಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳುತ್ತಿರುವ, ಕನ್ನಡ–ಕೊಂಕಣಿ ಆಡುವ ಸಿದ್ದಿ ಹೆಣ್ಣುಮಕ್ಕಳನ್ನು ಇವತ್ತಿಗೂ ಯಾವ ದೇಶ ಅಂತ ಕೇಳುವವರಿದ್ದಾರೆ. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ, ಬೇರೆ ಯಾರೋ ಮಾಡಿದ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಟ್ಟಿ ಹೊಡೆದದ್ದು ನಮ್ಮ ಊರಿನಲ್ಲೇ. ಬೆಂಗಳೂರಿನ ಟೀಮಿನ ಜೊತೆ ವಿಡಿಯೋ ಮೀಟಿಂಗ್ ಇರುವ ಮ್ಯಾನೇಜರ್‌ಗಳು ಇದನ್ನು ಎರಡೂ ಕಡೆಯವರಿಗೆ ನೇರವಾಗಿ ಹೇಳಬೇಕು: ಯಾರ ಮೈಬಣ್ಣ, ಕೂದಲು, ದೇಹದ ಬಗ್ಗೆಯೂ, ಯಾವ ಭಾಷೆಯಲ್ಲೂ, ಮಾತಿಲ್ಲ.

ವೈವಿಧ್ಯ ಕಾರ್ಯಕ್ರಮಗಳನ್ನು ನಿಲ್ಲಿಸಲು ಹೊರಟ 2025ರ ಜನವರಿಯ ಸರ್ಕಾರಿ ಆದೇಶಗಳ ನಂತರ ‘ಇದೆಲ್ಲ ಈಗ ನಿಂತಿಲ್ಲವೇ?’ ಎಂಬ ಪ್ರಶ್ನೆ ಬರುತ್ತದೆ. ಸಮಾನ ಅವಕಾಶಕ್ಕೆ ತಾವೇ ಕ್ರಮ ಕೈಗೊಳ್ಳಬೇಕು ಎಂದು ಸರ್ಕಾರಿ ಗುತ್ತಿಗೆದಾರರಿಗಿದ್ದ 1965ರ ಆದೇಶ ರದ್ದಾಗಿದೆ. ಉದ್ಯೋಗದಲ್ಲಿ ತಾರತಮ್ಯ ನಿಷೇಧಿಸುವ 1964ರ ನಾಗರಿಕ ಹಕ್ಕುಗಳ ಕಾಯ್ದೆ ಹಾಗೆಯೇ ಇದೆ, 15 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಿಗೆಲ್ಲ ಅನ್ವಯಿಸುತ್ತದೆ. ಜನಾಂಗ ನೋಡಿ ಹುದ್ದೆ ಕೊಡುವುದು ಆಗಲೂ ತಪ್ಪು, ಈಗಲೂ ತಪ್ಪು. ಮೇಲೆ ಹೇಳಿದ್ದೆಲ್ಲ ಎಲ್ಲರಿಗೂ ಒಂದೇ ಅಳತೆಗೋಲು ಇಡುವ ಕೆಲಸ.

ದೂರು ಬಂದಾಗ ಅದನ್ನು ಒಂದೇ ಖಾನೆಗೆ ತುರುಕಬೇಡಿ. ಉದ್ಯೋಗ ತಾರತಮ್ಯದ ದೂರು ನೋಡುವ ಸರ್ಕಾರಿ ಆಯೋಗ ಇಇಒಸಿಗೆ ಹೋಗುವ ದೂರಿನಲ್ಲಿ ಜನಾಂಗ, ಲಿಂಗ ಎರಡನ್ನೂ ಆಧಾರವಾಗಿ ಹೆಸರಿಸಬಹುದು. ಅವಧಿ ಘಟನೆಯ ದಿನದಿಂದ 180 ದಿನ, ರಾಜ್ಯದ್ದೇ ಸಂಸ್ಥೆ ಇರುವ ಕಡೆ 300 ದಿನ. ಒಳಗಿನ ತನಿಖೆಯಲ್ಲಿ ಹೋಲಿಕೆಗೆ ಬಿಳಿಯ ಹೆಂಗಸರನ್ನೋ ಕಪ್ಪು ಗಂಡಸರನ್ನೋ ಮಾತ್ರ ಆರಿಸಿಕೊಂಡರೆ ಸೇಂಟ್ ಲೂಯಿಸ್ ಕೋರ್ಟಿನ ತೀರ್ಮಾನಕ್ಕೇ ನೀವೂ ಬಂದು ನಿಲ್ಲುತ್ತೀರಿ. ಬಿಳಿಯ ಗಂಡಸರನ್ನೂ ಸೇರಿಸಿ ನಾಲ್ಕೂ ಗುಂಪನ್ನು ನೋಡಿ. ಇಇಒಸಿಗೆ ಬರುವ ದೂರುಗಳಲ್ಲಿ ವರ್ಷಗಳಿಂದ ಅತಿ ಹೆಚ್ಚು ಕಾಣಿಸುವ ಆರೋಪ ಸೇಡಿನ ಕ್ರಮ. ಹಾಗಾಗಿ ದೂರು ಬಂದ ದಿನದಿಂದ ಕನಿಷ್ಠ ಆರು ತಿಂಗಳು ಆಕೆಯ ಶಿಫ್ಟ್, ಪ್ರಾಜೆಕ್ಟ್, ವರದಿ ಮಾಡುವ ಸಾಲು, ಬೋನಸ್ ಯಾವುದನ್ನು ಬದಲಾಯಿಸುವುದಿದ್ದರೂ ಕಾರಣ ಬರಹದಲ್ಲಿ ಎಚ್‌ಆರ್‌ಗೆ ಬರಬೇಕು. ಮುಂದಿನ ರಿವ್ಯೂವನ್ನು ದೂರಿನಲ್ಲಿ ಹೆಸರಿರುವ ಮ್ಯಾನೇಜರ್ ಬರೆಯಕೂಡದು.