2500ಕೆ ಬದಲಿಸೋದಾ, ಬೇಡ್ವಾ?

ನನ್ನ ಗೇಮಿಂಗ್ ಪಿಸಿಯಲ್ಲಿ ಈಗಲೂ ಇರುವುದು ಇಂಟೆಲ್ ಕೋರ್ ಐ5-2500ಕೆ. 2011ರ ಪ್ರೊಸೆಸರ್ ಚಿಪ್. ಕಂಪನಿ ಕೊಟ್ಟ ವೇಗ 3.3 ಗಿಗಾಹರ್ಟ್ಸ್. ಬಯಾಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್‌ನಲ್ಲಿ) ವೇಗ ನಿರ್ಧರಿಸುವ ಮಲ್ಟಿಪ್ಲೈಯರ್ 45ಕ್ಕೆ ಏರಿಸಿ, ವೋಲ್ಟೇಜ್ ಸ್ವಲ್ಪ ಜಾಸ್ತಿ ಕೊಟ್ಟು 4.5ರಲ್ಲಿ ಓಡಿಸುತ್ತಿದ್ದೇನೆ, ಅಂದರೆ ಓವರ್‌ಕ್ಲಾಕ್. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈ ಕೊಟ್ಟಿಲ್ಲ. ಇಂಥ ಚಿಪ್ ಮೇಲೆ ಅಭಿಮಾನ ಬರದೇ ಇರುತ್ತಾ?

ಆದರೆ ಈಚೆಗೆ ಜನ, ಗಾಡಿ ತುಂಬಿದ ಬೀದಿ ಬಂದರೆ ಸಾಕು, ಆಟ ತಡವರಿಸುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ನಾಲ್ಕೂ ಕೋರ್ ನೂರಕ್ಕೆ ಮುಟ್ಟಿರುತ್ತವೆ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಅರ್ಧ ಹೊತ್ತು ಸುಮ್ನೆ ಕೂತಿರುತ್ತದೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಚೆನ್ನಾಗೇ ಇದೆ, ಕಣ್ಣಿಗೆ ಚುಚ್ಚುವುದು ನಡುನಡುವಿನ ಆ ತಡೆ. ಇನ್ನೂ 100 ಮೆಗಾಹರ್ಟ್ಸ್ ಏರಿಸಿದರೆ ಅದು ಹೋಗುವುದಿಲ್ಲ. ಇರುವುದು ನಾಲ್ಕೇ ಥ್ರೆಡ್, ಅಂದರೆ ಒಮ್ಮೆಗೆ ನಾಲ್ಕೇ ಕೆಲಸದ ಸಾಲು. ಎವಿಎಕ್ಸ್2 ಅನ್ನುವ, ಮುಂದಿನ ಚಿಪ್‌ಗಳಲ್ಲಿ ಬಂದ ಸೂಚನೆಗಳ ಗುಂಪು ಕೂಡ ಇಲ್ಲ, ಅದು ಬೇಕೇ ಬೇಕು ಅನ್ನುವ ಹೊಸ ಗೇಮ್ ಶುರುವೇ ಆಗಲ್ಲ. ವಸ್ತು ಕೆಡದೇ ಇದ್ದರೂ ಕೆಲಸ ಅದನ್ನು ದಾಟಿ ಮುಂದೆ ಹೋಗಿಬಿಡುತ್ತೆ, ಅಲ್ವಾ?

ಅದೇ ಬೋರ್ಡ್‌ಗೆ ಸೆಕೆಂಡ್ ಹ್ಯಾಂಡ್ ಐ7-2600ಕೆ ಹಾಕಬಹುದು. ಎಂಟು ಥ್ರೆಡ್ ಸಿಗುತ್ತೆ, ಖರ್ಚೂ ಕಡಿಮೆ. ಆದರೆ ಎವಿಎಕ್ಸ್2 ಆಗಲೂ ಇಲ್ಲ, ವಿಂಡೋಸ್ 11ರ ಅಧಿಕೃತ ಬೆಂಬಲವೂ ಇಲ್ಲ. ಎಎಂಡಿಯ ರೈಜೆನ್ 5 5600 ಅಂದರೆ 6 ಕೋರ್, 12 ಥ್ರೆಡ್. ಬೋರ್ಡೂ ಡಿಡಿಆರ್4 ರ‍್ಯಾಮೂ ಹೊಸದಾಗಿ ತಗೋಬೇಕು, ಈಗಿರುವ ಡಿಡಿಆರ್3 ಅದರಲ್ಲಿ ಕೂರಲ್ಲ. ಆದರೂ ನನ್ನ ಮನಸ್ಸು ಅದರ ಕಡೆಗೇ ಇದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಮೊದಲು ಬೋರ್ಡ್ ಬೆಲೆ ವಿಚಾರಿಸಬೇಕು. 2500ಕೆ ಮಾರಲ್ಲ. ಓವರ್‌ಕ್ಲಾಕ್ ತೆಗೆದು ಮನೆಯ ಫೈಲ್ ಸರ್ವರ್ ಮಾಡ್ತೀನಿ.