ಹತ್ತು ಗಂಟೆಗೆ ಗೇಟ್ ಹಾಕುತ್ತಾರೆ

ಅಮೆರಿಕದಲ್ಲಿ ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಬೆಂಗಳೂರಿನಲ್ಲಿ ಕೂತವರಿಗೆ ಅದರಿಂದ ಏನಾಗಬೇಕು ಅನ್ನಿಸಬಹುದು. ನಮ್ಮದು ಐಟಿ ಕೆಲಸ, ಕ್ಲೈಂಟ್ ನ್ಯೂಯಾರ್ಕ್ ಕಡೆಯವರು. ಅವರ ಬೆಳಗಿನ 11 ಗಂಟೆಯ ಕಾಲ್ ನಮಗೆ ಬೇಸಿಗೆಯಲ್ಲಿ ರಾತ್ರಿ 8:30. ನವೆಂಬರ್ ಬಂತೆಂದರೆ 9:30. ಮುಗಿಯುವ ಹೊತ್ತಿಗೆ ಹತ್ತೂವರೆ. ಮಾರ್ಚ್‌ವರೆಗೂ ಇದೇ ಪಾಡು.

2024ರ ನವೆಂಬರ್ 4, ಸೋಮವಾರ. ದೀಪಾವಳಿ, ರಾಜ್ಯೋತ್ಸವ ಒಟ್ಟಿಗೇ ಬಂದು ಉದ್ದ ರಜೆ ಸಿಕ್ಕಿತ್ತು. ಊರಿಗೆ ಹೋಗಿದ್ದವರೆಲ್ಲ ರಾತ್ರಿ ಬಸ್ಸಿನಲ್ಲಿ ಬಂದು, ಸ್ನಾನ ಮಾಡಿ ನೇರ ಆಫೀಸಿಗೆ ಬಂದಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹಾಸನದ ಹುಡುಗಿ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದಳು, ತಿನ್ನುತ್ತಿರಲಿಲ್ಲ.

"ಅಕ್ಕ, ನಮ್ಮ ಪಿಜಿಲಿ ಹತ್ತಕ್ಕೆ ಗೇಟ್ ಹಾಕಿಬಿಡ್ತಾರೆ. ರೂಮಲ್ಲಿ ಮೂರು ಜನ ಇದೀವಿ, ಅಲ್ಲಿಂದ ಕಾಲ್ ತಗೊಳ್ಳೋಕಾಗಲ್ಲ. ಇವತ್ತಿಂದ ಏನ್ ಮಾಡ್ಲಿ?"

ಇಷ್ಟು ದಿನ ಆಫೀಸಿನಲ್ಲೇ ಕಾಲ್ ಮುಗಿಸಿ, ಮಾರತ್ತಹಳ್ಳಿಯ ಪಿಜಿಗೆ ಓಡುತ್ತಿದ್ದಳಂತೆ. ನಾನಾದರೂ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ಬಾಗಿಲು ಹಾಕಿಕೊಂಡು ಮಾತಾಡಬಹುದು. ಅವಳಿಗೆ ಆ ಅನುಕೂಲವೂ ಇಲ್ಲ.

ಕೆಲಸ ಇಷ್ಟವಿಲ್ಲದವರು ಮಾತ್ರ ಹೊತ್ತಿನ ಲೆಕ್ಕ ಹಾಕುತ್ತಾರೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನನಗೆ ಈ ಕೆಲಸ ಅಂದ್ರೆ ತುಂಬಾ ಇಷ್ಟ. ಡೇಟಾಬೇಸಿನಿಂದ ಮಾಹಿತಿ ಹುಡುಕಿ ತರಲು ನಿಮಿಷಗಟ್ಟಲೆ ಓಡುತ್ತಿದ್ದ ಕ್ವೆರಿ, ಸರಿಯಾದ ಕಡೆ ಒಂದು ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಹಾಕಿದ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದರೆ ಆ ದಿನವಿಡೀ ಖುಷಿ. ಆ ಹುಡುಗಿಯೂ ಹಾಗೇ. ಪ್ರೋಗ್ರಾಮಿನಲ್ಲಿರುವ ತಪ್ಪು, ಅಂದ್ರೆ ಬಗ್, ಸಿಗುವವರೆಗೆ ಎದ್ದೇಳುವವಳಲ್ಲ. ಕೆಲಸ ಪ್ರೀತಿಸುವವರ ಸಂಜೆಯೇ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಅವರು ಬೇಡ ಅನ್ನುವುದಿಲ್ಲ, ಅಲ್ವಾ?

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. 2024ರ ಜುಲೈನಲ್ಲಿ ಐಟಿಯವರಿಂದ ದಿನಕ್ಕೆ 12 ಗಂಟೆಗಿಂತಲೂ ಜಾಸ್ತಿ ಕೆಲಸ ಮಾಡಿಸಲು ಅವಕಾಶ ಕೊಡುವ ಪ್ರಸ್ತಾಪ ಬಂದು, ನೌಕರರ ಸಂಘ ಗಟ್ಟಿಯಾಗಿ ವಿರೋಧಿಸಿತ್ತು. ನಮ್ಮ ಟೀಮಿನಲ್ಲೂ ಎಲ್ಲರೂ ಅದನ್ನು ಓದಿ ಸಿಟ್ಟಾಗಿದ್ದೆವು. ಆದರೆ ಬೆಳಿಗ್ಗೆ 10ರ ಟೀಮ್ ಮೀಟಿಂಗ್, ಅಂದ್ರೆ ಸ್ಟ್ಯಾಂಡ್‌ಅಪ್‌ನಿಂದ ಹಿಡಿದು ಈ ಕಾಲ್‌ವರೆಗೆ ನಮ್ಮ ದಿನವೂ ಅಷ್ಟೇ ಉದ್ದ. ನಡುವೆ ಬಿಡುವು ಸಿಗುತ್ತದೆ, ನಿಜ. ರಾತ್ರಿ ಕಾಲ್ ಇದೆ ಅಂತ ತಲೆಯಲ್ಲಿ ಕೂತಿದ್ದರೆ ಆ ಬಿಡುವು ಯಾತಕ್ಕೂ ಬರುವುದಿಲ್ಲ.

ಕಾಲ್ ಹೊತ್ತು ಬದಲಿಸಿ ಅಂತ ಕೇಳೋಣ ಎಂದೆ. "ಕ್ಲೈಂಟ್ ಬೇಜಾರು ಮಾಡ್ಕೊಂಡ್ರೆ?" ಅಂದರು ನಮ್ಮ ಲೀಡ್. ಬೇಡ ಅಂತಲೂ ಹೇಳಲಿಲ್ಲ.

ರಾತ್ರಿ ಕಾಲ್ ಶುರುವಾದ ಕೂಡಲೇ ಕೇಳಿದೆ. ನಿಮ್ಮ 11ರ ಬದಲು 9ಕ್ಕೆ ಇಟ್ಟುಕೊಂಡರೆ ನಮಗೆ 7:30 ಆಗುತ್ತದೆ ಎಂದೆ. ಆ ಕಡೆಯ ಮ್ಯಾನೇಜರ್ ಅಲ್ಲಿ ಈಗೆಷ್ಟು ಗಂಟೆ ಅಂತ ಕೇಳಿದರು. ಹೇಳಿದೆ. ನೀವು ಗಡಿಯಾರ ಬದಲಿಸುವುದಿಲ್ಲವಾ ಎಂದರು. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲವಲ್ಲ! ಒಪ್ಪಿದರು. ಬುಧವಾರ ಮಾತ್ರ ಮಗಳನ್ನು ಸ್ಕೂಲಿಗೆ ಬಿಡಬೇಕು, ಅವತ್ತು ಅರ್ಧ ಗಂಟೆ ತಡವಾಗಿ ಮಾಡೋಣ ಅಂದರು.

ಗಡಿಯಾರದ ವಿಷಯಕ್ಕಿಂತ ಈ ಮಾತು ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿತು. ಅವರ ಕ್ಯಾಲೆಂಡರ್‌ನಲ್ಲಿ ಮಗಳ ಸ್ಕೂಲು ಎಲ್ಲರಿಗೂ ಕಾಣುವ ಹಾಗೆ ಬರೆದಿತ್ತು. ನಮ್ಮ ಯಾರ ಕ್ಯಾಲೆಂಡರಿನಲ್ಲೂ ಮನೆಯ ವಿಷಯ ಒಂದಕ್ಷರವೂ ಇರಲಿಲ್ಲ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವುದನ್ನೂ ಸುಮ್ನೆ 'ಬಿಜಿ' ಅಂತ ಹಾಕಿ ಮುಚ್ಚುತ್ತಿದ್ದೆವು. ಈಗ ನಾವೂ ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇವೆ.

ಶನಿವಾರ ರಾತ್ರಿ ಹೊಸ ಕೋಡ್ ಬಿಡುವ ರಿಲೀಸ್ ಕೆಲಸ ಮಾತ್ರ ಇನ್ನೂ ಹಾಗೇ ಇದೆ. ಅದಕ್ಕೆ ಸೋಮವಾರ ಕಾಂಪ್ ಆಫ್, ಅಂದ್ರೆ ಬದಲಿ ರಜೆ, ಕೊಡಲೇಬೇಕು ಅಂತ ಕೇಳಿದ್ದೇವೆ. ಈ ಸಲ ಮೇಲ್ ಬರೆದದ್ದು ಹಾಸನದ ಹುಡುಗಿ.