ಬಲೂನ್ ಇಳಿಸದೆ ಕಾದ ಹತ್ತು ನಿಮಿಷ

"ಯವ್ವಾ, ಎದಿ ಹಿಡಕೊಂಡಂಗ ಆಗಾಕತ್ತೈತಿ" ಅಂದರು ಅಜ್ಜ. ಅಷ್ಟೊತ್ತು ಟೇಬಲ್ ಮೇಲೆ ಸುಮ್ನೆ ಮಲಗಿದ್ದವರು.

ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಕೂರಿಸಿ ಆಗಿತ್ತು. ಆದರೆ ರಕ್ತನಾಳದಲ್ಲಿ ಸುಣ್ಣ ಗಟ್ಟಿ ಕಟ್ಟಿದ್ದರಿಂದ ಅದು ಪೂರ್ತಿ ಅರಳಿರಲಿಲ್ಲ. ಡಾಕ್ಟರ್ ಗಟ್ಟಿ ಬಲೂನ್ ಹಾಕಿ 20 ಅಟ್ಮಾಸ್ಫಿಯರ್ ಒತ್ತಡದಲ್ಲಿ ಉಬ್ಬಿಸಿ ಇಳಿಸಿದ್ದರು. ಎಕ್ಸ್-ರೇಯಲ್ಲಿ ಕಾಣುವ ಡೈ ಬಿಟ್ಟು ನೋಡಿದರೆ, ನಾಳದ ಗೆರೆಯಿಂದಾಚೆ ಕಪ್ಪು ಹೊಗೆಯಂತೆ ಹರಡುತ್ತಿತ್ತು. ನಾಳ ತೂತಾಗಿತ್ತು.

ಹೃದಯದ ನಾಳಗಳಿಗೆ ಚಿಕಿತ್ಸೆ ಮಾಡುವ ಈ ಕ್ಯಾತ್ ಲ್ಯಾಬ್‌ನಲ್ಲಿ ನರ್ಸ್ ಆಗಿ ನನಗೆ ಒಂಬತ್ತು ವರ್ಷ. ಇಂಥದ್ದನ್ನು ಕಂಡಿದ್ದು ಎರಡನೇ ಸಲ.

"ವೈರ್ ಯಾರೂ ಎಳೀಬೇಡಿ" ಅಂದರು ಡಾಕ್ಟರ್. ಬಲೂನ್, ಸ್ಟೆಂಟ್ ಎಲ್ಲ ನಾಳದೊಳಗೆ ಜಾರಿ ಹೋಗೋದು ಆ ತೆಳು ತಂತಿಯ ಮೇಲೇ. ಅದೇ ಬಲೂನನ್ನು ತೂತಿನ ಜಾಗದಲ್ಲೇ ಮತ್ತೆ ಉಬ್ಬಿಸಿದರು, ಈ ಸಲ ಕಡಿಮೆ ಒತ್ತಡದಲ್ಲಿ. ಒಡೆದ ಪೈಪಿಗೆ ಬೆರಳಿಟ್ಟು ಹಿಡಿದ ಹಾಗೆ. ಸೋರುವುದು ನಿಂತಿತು. ಆದರೆ ಬಲೂನ್ ಉಬ್ಬಿರುವಷ್ಟು ಹೊತ್ತು ರಕ್ತ ಮುಂದೆ ಹೋಗಲ್ಲ, ನೋವು ಜಾಸ್ತಿಯಾಗುತ್ತೆ. ಇಳಿಸಿದರೆ ಮತ್ತೆ ಸೋರುತ್ತೆ. ನೋವಿಗೆ ಇಂಜೆಕ್ಷನ್ ಕೊಟ್ಟು ಅಜ್ಜನ ಕೈ ಹಿಡಿದೆ. ತಣ್ಣಗೆ ಬೆವೆತಿತ್ತು.

ಬಿಪಿ 130ರಿಂದ 70ಕ್ಕೆ ಇಳಿಯಿತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಇಟ್ಟು ನೋಡಿದರೆ, ಅಷ್ಟರಲ್ಲೇ ಸೋರಿದ ರಕ್ತ ಹೃದಯದ ಸುತ್ತಲಿನ ಚೀಲದಲ್ಲಿ ತುಂಬಿ ಹೃದಯವನ್ನೇ ಅದುಮುತ್ತಿತ್ತು. ಒಬ್ಬರು ಬಲೂನ್ ಹಿಡಿದಿದ್ದರು. ಇನ್ನೊಬ್ಬರು ಎದೆಮೂಳೆಯ ಕೆಳಗಿಂದ ಸೂಜಿ ಹಾಕಿ ರಕ್ತ ಎಳೆದರು. ಸುಮಾರು 150 ಎಂಎಲ್ ಬಂತು. ಬಿಪಿ 100 ದಾಟಿತು.

"ಸಿಸ್ಟರ್, ಕವರ್ಡ್ ಸ್ಟೆಂಟ್?"

ಬಲಗಡೆ ಬೀರು, ಮೇಲಿನ ಅರೆ. ಸಾಮಾನ್ಯ ಸ್ಟೆಂಟ್ ಬರೀ ಲೋಹದ ಜಾಲರಿ. ಇದಕ್ಕೆ ತೆಳುವಾದ ಪದರ ಸುತ್ತಿರುತ್ತೆ, ತೂತನ್ನು ಒಳಗಿಂದಲೇ ಮುಚ್ಚುತ್ತೆ. ವರ್ಷಕ್ಕೊಮ್ಮೆಯೂ ಬೇಕಾಗದ ಡಬ್ಬ. ಆದರೂ ಪ್ರತಿ ತಿಂಗಳು ಒಂದನೇ ತಾರೀಖು ಅದರ ಎಕ್ಸ್‌ಪೈರಿ ನೋಡುತ್ತೇನೆ. "ಬಳಸದ್ದನ್ನು ಯಾಕೆ ತರಿಸೋದು?" ಅಂತ ಕೇಳಿದವರಿದ್ದಾರೆ. ಈ ವಿಷಯದಲ್ಲಿ ಮಾತ್ರ ನಾನು ಬಿಟ್ಟುಕೊಟ್ಟಿಲ್ಲ.

ಹತ್ತು ನಿಮಿಷದ ಮೇಲೆ ಬಲೂನ್ ಇಳಿಸಿ ನೋಡಿದರು. ಇನ್ನೂ ಸೋರುತ್ತಿತ್ತು. ಬಲೂನ್ ತೆಗೆದು ಅದೇ ವೈರ್ ಮೇಲೆ ಕವರ್ಡ್ ಸ್ಟೆಂಟ್ ಜಾರಿಸಿದರು. ವೈರ್ ಎಳೆದುಬಿಟ್ಟಿದ್ದರೆ ಆ ದಾರಿಯೇ ಇರುತ್ತಿರಲಿಲ್ಲ, ಅಲ್ವಾ? ಮತ್ತೆ ಡೈ ಬಿಟ್ಟಾಗ ಹೊಗೆ ಇರಲಿಲ್ಲ.

ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಹೆಪಾರಿನ್‌ನ ಪರಿಣಾಮ ಇಳಿಸುವ ಪ್ರೋಟಮಿನ್ ಔಷಧಿ ಆಗಲೇ ಸಿರಿಂಜಿನಲ್ಲಿ ತುಂಬಿಟ್ಟಿದ್ದೆ. ಆದರೆ ವೈರ್ ಒಳಗಿರುವಾಗ ಕೊಟ್ಟರೆ ನಾಳದಲ್ಲೇ ರಕ್ತ ಹೆಪ್ಪುಗಟ್ಟುವ ಭಯ. ಎಲ್ಲ ಹೊರಗೆ ಬಂದಮೇಲೇ ಕೊಟ್ಟೆವು.

ಡಾಕ್ಟರ್ ಸೀಸದ ಏಪ್ರನ್ನನ್ನೂ ಬಿಚ್ಚದೆ ಹೊರಗೆ ಹೋದರು. "ನಾಳ ತೂತಾಗಿತ್ತು, ಮುಚ್ಚಿದ್ದೇವೆ. ಎರಡು ದಿನ ಐಸಿಯುನಲ್ಲಿ ನೋಡಬೇಕು" ಅಂತ ಮಗನಿಗೆ ನೇರವಾಗಿ ಹೇಳಿದರು. ಅವನು ನನ್ನ ಮುಖ ನೋಡಿದ. "ಅಪ್ಪ ಮಾತಾಡ್ತಾರೇನ್ರಿ ಸಿಸ್ಟರ್?"

ಒಳಗೆ ಅಜ್ಜ ನೀರು ಕೇಳುತ್ತಿದ್ದರು.